ಬೇರು ಬೆಂದ ವರ್ಷದ ಮಲ್ಲಿಗೆ

ಆಗ ನನಗೆ ಐವತ್ತಾರು. ಅದಾಗಿ ಇಪ್ಪತ್ತೇಳು ವರ್ಷವಾಯಿತು. ತ್ಯಾಗರಾಜನಗರದ ಅದೇ ಮನೆಯಲ್ಲಿ ಈಗಲೂ ಇದ್ದೇನೆ. ಹಿತ್ತಲು ಮಾತ್ರ ಅರ್ಧವಾಗಿದೆ, ಉಳಿದರ್ಧದಲ್ಲಿ ನೀರಿನ ಸಂಪು ಕಟ್ಟಿಸಿದ್ದಾಯಿತು.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಬರೆಯುವ ರೂಢಿಯಿಲ್ಲ. ಹೂವಿನ ಗಿಡ ಚೆನ್ನಾಗಿ ಬೆಳೆಸುತ್ತೀರಿ, ಹೇಗೆ ಎಂದು ಬೀದಿಯವರು ಕೇಳುತ್ತಾರೆ. ಗೊಬ್ಬರ ಯಾವಾಗ ಹಾಕಬೇಕು, ನೀರು ಎಷ್ಟು ಬಿಡಬೇಕು ಎಂದು ಹೇಳಿ ಕಳಿಸುತ್ತೇನೆ. ಆ ಒಂದು ವರ್ಷದ ಮಲ್ಲಿಗೆಯ ವಿಷಯ ಮಾತ್ರ ಯಾರಿಗೂ ಹೇಳಿಲ್ಲ. ಹೇಳುವುದಾದರೆ ಪೂರ್ತಿ ಹೇಳಬೇಕು, ಅದಕ್ಕೇ ಹೇಳಿರಲಿಲ್ಲ.

ಹಿತ್ತಲೆಂದರೆ ದೊಡ್ಡದೇನಲ್ಲ. ಬಟ್ಟೆ ಒಗೆಯುವ ಕಲ್ಲು, ಅದರ ಪಕ್ಕಕ್ಕೆ ದುಂಡುಮಲ್ಲಿಗೆ, ಕಾಂಪೌಂಡ್ ಗೋಡೆಯುದ್ದಕ್ಕೂ ದಾಸವಾಳ, ನಂದಬಟ್ಟಲು, ಮೂಲೆಯಲ್ಲೊಂದು ಕರಿಬೇವು, ಒಡೆದ ಬಕೆಟ್ಟುಗಳಲ್ಲಿ ಕನಕಾಂಬರ. ಮಲ್ಲಿಗೆ ನನ್ನ ಎದೆಯೆತ್ತರ ಪೊದೆಯಾಗಿ ಬೆಳೆದಿತ್ತು. ನನ್ನ ಗಂಡ ಒಂದು ಮಳೆಗಾಲದಲ್ಲಿ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತಂದಿದ್ದ ಗಿಡ. ಅವರು ಹೋಗಿ ಆರು ವರ್ಷವಾಗಿತ್ತು. ತಂದವರು ಹೋದರು, ಗಿಡ ಇತ್ತು, ಅಷ್ಟೇ. ಅವರು ಹೋದಮೇಲೆ ನಾನು ಮುಡಿಯುವ ಹಾಗಿರಲಿಲ್ಲ. ಬಿಟ್ಟ ಹೂವನ್ನೆಲ್ಲ ಕಟ್ಟಿ ದೇವರಿಗೊಂದು ತುಂಡು, ಸೊಸೆಗೊಂದು ತುಂಡು ಇಟ್ಟು ಮಿಕ್ಕಿದ್ದನ್ನು ಬೀದಿಗೆ ಹಂಚುತ್ತಿದ್ದೆ. ಯುಗಾದಿ ಹೊತ್ತಿಗೆ ನಮ್ಮ ಸಾಲಿನ ಯಾವ ಹೆಂಗಸಿನ ತಲೆ ನೋಡಿದರೂ ನನ್ನ ಹಿತ್ತಲಿನ ಹೂವೇ ಇರುತ್ತಿತ್ತು. ಅದರ ಜಂಬ ನನಗೆ ಸಾಕಷ್ಟು ಇತ್ತು.

ಮಾಗಿಯಲ್ಲಿ ಮಲ್ಲಿಗೆಗೆ ಮಾಡುವ ಕೆಲಸವನ್ನು ಗೊತ್ತಿಲ್ಲದವರು ನೋಡಿದರೆ, ಇವಳು ಗಿಡ ಕೊಲ್ಲುತ್ತಿದ್ದಾಳೆ ಎನ್ನುತ್ತಾರೆ. ಮಾರ್ಗಶಿರ ಬರುತ್ತಿದ್ದ ಹಾಗೆ ನೀರು ನಿಲ್ಲಿಸಬೇಕು. ಎಲೆ ಬಾಡುವ ತನಕ ಕಾಯಬೇಕು. ಆಮೇಲೆ ಎಲೆಯೆಲ್ಲ ಕೈಯಿಂದ ಸವರಿ ಉದುರಿಸಿ, ಕೊಂಬೆಗಳನ್ನು ಅರ್ಧಕ್ಕೆ ಕತ್ತರಿಸಿ, ಬುಡ ಬಿಡಿಸಿ ಬೇರಿಗೆ ನಾಲ್ಕು ದಿನ ಬಿಸಿಲು ತೋರಿಸಬೇಕು. ಅದಾದ ಮೇಲೆ ಗೊಬ್ಬರ, ಮಣ್ಣು, ನೀರು. ಹೀಗೆ ಸತ್ತ ಹಾಗೆ ಮಾಡಿದರೇನೇ ಅದಕ್ಕೆ ರೋಷ ಬಂದು ಶಿವರಾತ್ರಿ ಹೊತ್ತಿಗೆ ಮೈತುಂಬ ಚಿಗುರುವುದು. ನನ್ನತ್ತೆ ಹೇಳಿಕೊಟ್ಟದ್ದು ಇದು.

ಗೊಬ್ಬರಕ್ಕೂ ಒಂದು ಕ್ರಮವಿದೆ. ಕಡಲೆಕಾಯಿ ಹಿಂಡಿಯನ್ನು ಗಾಣದ ಅಂಗಡಿಯಿಂದ ತಂದು, ಹಳೆ ಕೊಡದಲ್ಲಿ ಎಂಟು ದಿನ ನೆನೆಹಾಕಿ, ಅದು ಹುಳಿಬಂದು ನಾರಿದ ಮೇಲೆ ನೀರು ಬೆರೆಸಿ ತೆಳ್ಳಗೆ ಹಾಕಬೇಕು. ಸಗಣಿಯಾದರೆ ವರ್ಷ ಕಳೆದು ಮಣ್ಣಿನ ಹಾಗೆ ಉದುರಾಗಿರಬೇಕು. ನನಗೆ ಇದೆಲ್ಲ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಹೇಳುವ ಹಾಗಿಲ್ಲ.

ಆ ವರ್ಷ ಚಳಿ ಬಿಡಲೊಲ್ಲದು. ಎಂಟು ಗಂಟೆಯಾದರೂ ಎದುರುಮನೆ ಕಾಣದಂಥ ಮಂಜು. ನನ್ನ ಮಂಡಿ ಹಿಡಿದುಕೊಂಡಿತ್ತು. ತಣ್ಣೀರಿನಲ್ಲಿ ಕೈ ಅದ್ದಿ ಹಿಂಡಿ ಕಲಸುವುದು, ನಾರುವ ಕೊಡ ಎತ್ತುವುದು ಬೇಡವೆನ್ನಿಸಿತು. ಹಿಂಡಿಯನ್ನು ಒಣಗಿದ್ದು ಒಣಗಿದ ಹಾಗೆಯೇ ಕುಟ್ಟಿ ಬುಡಕ್ಕೆ ಸುರಿದೆ. ಯಡಿಯೂರು ಕೆರೆ ಕಡೆಯಿಂದ ಹಾಲು ತರುತ್ತಿದ್ದವನ ಕೊಟ್ಟಿಗೆಗೆ ಹೋಗಿ ಒಂದು ಬಾಂಡ್ಲಿ ಸಗಣಿ ಹೊತ್ತು ತಂದೆ. ಬೆಳಗ್ಗೆ ಹಾಕಿದ ಸಗಣಿ, ಇನ್ನೂ ಬೆಚ್ಚಗಿತ್ತು. ಅದನ್ನೂ ಮೇಲೆ ಹಾಕಿ, ಮಣ್ಣು ಮುಚ್ಚಿ, ಎರಡು ಚೆಂಬು ನೀರು ಚೆಲ್ಲಿ ಒಳಗೆ ಬಂದು ಹೊದ್ದುಕೊಂಡೆ.

ಮನೆಯಲ್ಲಿ ನಾವು ಮೂವರು. ಮಗನಿಗೆ ಬನಶಂಕರಿಯಲ್ಲಿ ಮೋಟಾರ್ ವೈಂಡಿಂಗ್ ಮಾಡುವ ಸಣ್ಣ ಅಂಗಡಿ. ಸೊಸೆ ಗಿರಿನಗರದವಳು, ಮದುವೆಯಾಗಿ ಎರಡು ವರ್ಷ, ಇಪ್ಪತ್ನಾಲ್ಕು ವಯಸ್ಸು. ತವರಿನಿಂದ ಹೊಲಿಗೆ ಮಿಷನ್ನು ತಂದಿದ್ದಳು, ರವಿಕೆ ಹೊಲಿದು ಕೊಡುತ್ತಿದ್ದಳು. ಮಾತು ಕಡಿಮೆ. ಆ ಕಾರ್ತಿಕದಲ್ಲಿ ಅವಳಿಗೆ ಮೂರು ತಿಂಗಳು ತುಂಬುತ್ತಿದ್ದ ಹಾಗೆ ಗರ್ಭ ಇಳಿದುಹೋಗಿತ್ತು. ಆಸ್ಪತ್ರೆಯಿಂದ ಬಂದು ಹತ್ತು ದಿನ ಮಲಗಿದ್ದಳು, ಹನ್ನೊಂದನೇ ದಿನ ಎದ್ದು ಮಿಷನ್ನಿನ ಮುಂದೆ ಕೂತಳು. ಅತ್ತಿದ್ದನ್ನು ನಾನು ನೋಡಲಿಲ್ಲ. ನೋಡಲು ಹೋಗಲೂ ಇಲ್ಲ.

ನಮ್ಮ ಮನೆಯಲ್ಲಿ ಆಗ ಮುಟ್ಟಿನ ಮೂರು ದಿನ ಹೊರಗಿರುವ ಪದ್ಧತಿ ಇತ್ತು. ಹಿತ್ತಲಿಗೆ ಬಾಗಿಲಿರುವ ಹಿಂದಿನ ಕೋಣೆಯಲ್ಲಿ ಕೂರಬೇಕು, ಅಡುಗೆಮನೆ ಕಡೆ ಬರಬಾರದು, ಮಲ್ಲಿಗೆ, ತುಳಸಿ ಮುಟ್ಟಬಾರದು. ಮುಟ್ಟಿದರೆ ಮಲ್ಲಿಗೆ ಸುಟ್ಟುಹೋಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ನಾನು ಗೊಬ್ಬರ ಹಾಕಿದ ವಾರ ಸೊಸೆ ಹೊರಗಿದ್ದಳು. ತಂತಿಯ ಮೇಲೆ ಬಟ್ಟೆ ಹರವುವಾಗ ಅವಳ ಸೀರೆ ಸೆರಗು ಗಿಡಕ್ಕೆ ಸಿಕ್ಕಿಕೊಂಡಿತು. ಒಂದು ಕೊಂಬೆ ಹಿಡಿದೆತ್ತಿ ಬಿಡಿಸಿಕೊಂಡಳು. ಅಡುಗೆಮನೆ ಕಿಟಕಿಯಿಂದ ನಾನು ನೋಡಿದೆ. ಅಷ್ಟೇ ನಡೆದದ್ದು.

ಹತ್ತು ದಿನಕ್ಕೆ ಗಿಡ ಕಪ್ಪಗಾಯಿತು. ಎಲೆ ಉದುರಿಸಿದ ಮಲ್ಲಿಗೆಯ ಕಡ್ಡಿ ಒಣಗಿದ ಹಾಗೆ ಕಂಡರೂ ಉಗುರಿನಿಂದ ಕೆರೆದರೆ ಒಳಗೆ ಹಸಿರಿರುತ್ತದೆ. ಕೆರೆದೆ. ಕಂದು ಬಣ್ಣ. ಇನ್ನೊಂದು ಕೊಂಬೆ ಕೆರೆದೆ, ಅದೂ ಕಂದು. ಕೊಂಬೆ ಬಾಗಿಸಿದರೆ ಪಟಕ್ಕೆಂದು ಮುರಿಯಿತು.

ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ನೋಡಿದರು. ಅವರು ನನ್ನ ವಾರಗೆಯವರು. ಅವರ ಕಡೆ ಒಂದು ಕಲ್ಲು ಇತ್ತು, ಅದರ ಮೇಲೆ ನಿಂತು ನಮ್ಮ ಹಿತ್ತಲಿನೊಂದಿಗೆ ಮಾತಾಡುವುದು ಅವರಿಗೆ ಊಟ ತಿಂಡಿಯಷ್ಟೇ ಮುಖ್ಯ. ಏನ್ರೀ, ಮಲ್ಲಿಗೆ ಹಿಂಗಾಗೋಯ್ತು ಎಂದರು. ಬಾಯಿಗೆ ಬಂದದ್ದನ್ನು ಹೇಳಿದೆ.

"ಮುಟ್ಟಬಾರದ ಹೊತ್ತಲ್ಲಿ ಮುಟ್ಟಿದ್ಲು, ಹೋಯ್ತು. ಅವಳದ್ದೇ ಹಾಗೆ ಕಣ್ರೀ. ಗಿಡಾನೂ ನಿಲ್ಲೋಲ್ಲ, ಹೊಟ್ಟೇಲೂ ನಿಲ್ಲೋಲ್ಲ."

ಸೊಸೆ ಬಚ್ಚಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಬಚ್ಚಲ ಬಾಗಿಲು ಹಿತ್ತಲಿಗೇ ತೆರೆದುಕೊಳ್ಳುತ್ತದೆ. ಪಾತ್ರೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು. ಪೂರ್ತಿ ತೊಳೆದು, ಬೋರಲು ಹಾಕಿ, ಕೈ ಒರೆಸಿಕೊಂಡು ಒಳಗೆ ಹೋದಳು. ಒಂದು ಬ್ಯಾಗಿಗೆ ಬಟ್ಟೆ ತುಂಬಿಕೊಂಡು, ಅತ್ತೆ, ಹೋಗಿಬರ್ತೀನಿ ಎಂದು ಹೇಳಿ ಗಿರಿನಗರಕ್ಕೆ ಹೋದಳು. ಹೋಗಿಬರ್ತೀನಿ ಎಂದಳಲ್ಲ, ಬರುತ್ತಾಳೆ ಎಂದುಕೊಂಡೆ. ಎರಡು ದಿನ ಕಳೆದರೆ ಸರಿಹೋಗುತ್ತದೆ ಎಂದುಕೊಂಡೆ.

ಮೂರನೇ ದಿನ ಹಾಲಿನವನು ಬಂದ. ಗೋಡೆಯ ಪಕ್ಕದ ಓಣಿಯಿಂದ ಹಿತ್ತಲ ಬಾಗಿಲಿಗೇ ಬರುತ್ತಿದ್ದ. ಕ್ಯಾನು ಕೆಳಗಿಟ್ಟು ಗಿಡವನ್ನೇ ನೋಡಿದ. ಮೂಗು ಎಳೆದ.

"ಏನ್ ಹಾಕ್ದೆ ಅಕ್ಕ ಇದ್ಕೆ?"

ಹೇಳಿದೆ.

"ಆ ಸಗಣೀನ ಬೆರಣಿ ತಟ್ಟೋಕೆ ಅಂತ ನಾ ಕೊಟ್ಟಿದ್ದು. ಹಸೀದು ಹಾಕ್ಬಿಟ್ರೆ ಒಳಗೆ ಕಾವು ಏಳ್ತದೆ. ಒಣ ಹಿಂಡಿ ಬೇರೆ ಸುರ್ದಿದ್ದೀಯ. ಬೇರು ಬೆಂದೋಗದೆ ಇನ್ನೇನಾಗ್ತದೆ? ಗಿಡಕ್ಕೆ ಅನ್ನ ಹಾಕಬೇಕು ಕಣಕ್ಕ, ಬುಡಕ್ಕೆ ಒಲೆ ಹಚ್ಚಬಾರದು."

ಯಾರಿಗೂ ಹೇಳಬೇಡ ಎಂದೆ. ಯಾರಿಗೇಳ್ಲಿ, ನನ್ ಹಸುಗಳಿಗಾ ಎಂದು ನಗುತ್ತ ಹಾಲು ಅಳೆದು ಹೋದ. ಅವನಿಗೆ ಅದು ನಗುವ ವಿಷಯ.

ಅವನು ಹೋದ ಮೇಲೆ ಬುಡ ಬಗೆದೆ. ಕೈ ಹಾಕಿದರೆ ಒಳಗೆ ಬಿಸಿ. ಅಷ್ಟು ಚಳಿಯಲ್ಲಿ ಮಣ್ಣು ಹೊಗೆಯಾಡುವ ಹಾಗಿತ್ತು. ಹಿಂಡಿಗೆ ಬೆಳ್ಳಗೆ ಬೂಸ್ಟು ಹಿಡಿದು ಗಟ್ಟಿಯಾಗಿತ್ತು. ಕಲ್ಲಿನ ಕಡೆಯ ಬೇರುಗಳೆಲ್ಲ ಕಪ್ಪಾಗಿ, ಹಿಡಿದೆಳೆದರೆ ಸಿಪ್ಪೆ ಕೈಗೆ ಬರುತ್ತಿತ್ತು. ಗೋಡೆ ಕಡೆ ಮಾತ್ರ ಎರಡು ಬೇರು ಬೆಳ್ಳಗಿದ್ದವು. ನಾನು ಕಲ್ಲಿನ ಕಡೆ ನಿಂತು ಸುರಿದವಳು, ಆ ಕಡೆಗೆ ಕೈ ಚಾಚಲು ಸೋಮಾರಿತನ, ಹಾಗಾಗಿ ಉಳಿದವು. ಗೊಬ್ಬರವನ್ನೆಲ್ಲ ಕೈಯಿಂದಲೇ ಬಗೆದು ತೆಗೆದು, ಎಂಟು ಬಿಂದಿಗೆ ನೀರು ಸುರಿದು ಬೇರು ತೊಳೆದು, ಕೆಂಪು ಮಣ್ಣು ತುಂಬಿದೆ. ಪಕ್ಕದವರು ಕಲ್ಲು ಹತ್ತಿ ಇಣುಕಿ, ಏನ್ರೀ ಮಾಡ್ತಿದ್ದೀರಿ ಎಂದರು. ಬೇರಿಗೆ ಹುಳ ಬಿದ್ದಿದೆ ಎಂದೆ.

ಅವಳನ್ನು ಅಂದ ಹತ್ತು ನಿಮಿಷದಲ್ಲೋ ಅರ್ಧ ದಿನದಲ್ಲೋ ನಿಜ ಗೊತ್ತಾಗಿದ್ದರೆ ಏನು ಮಾಡುತ್ತಿದ್ದೆನೋ. ಮೂರು ದಿನ ಕಳೆದಿತ್ತು. ಮೂರು ದಿನದ ಮಾತನ್ನು ವಾಪಸು ತೆಗೆದುಕೊಳ್ಳುವುದು ಬಹಳ ಕಷ್ಟ. ಇನ್ನೊಂದು ವಿಷಯ. ಮುಟ್ಟಿದರೆ ಮಲ್ಲಿಗೆ ಸುಡುತ್ತದೆ ಎನ್ನುವುದು ಸುಳ್ಳೆಂದು ನನಗೆ ಹತ್ತೊಂಬತ್ತನೇ ವಯಸ್ಸಿಗೇ ಗೊತ್ತಿತ್ತು. ಹೊಸದಾಗಿ ಮದುವೆಯಾಗಿ ಬಂದಾಗ ಹೊರಗಿದ್ದ ದಿನ ಕದ್ದು ಒಂದು ಮೊಗ್ಗು ಕಿತ್ತು ಮೂಸಿದ್ದೆ. ಅತ್ತೆಯ ಗಿಡಕ್ಕೆ ಏನೂ ಆಗಲಿಲ್ಲ, ಆ ವರ್ಷ ಇನ್ನೂ ಜಾಸ್ತಿಯೇ ಬಿಟ್ಟಿತು. ಗೊತ್ತಿದ್ದೂ ಸೊಸೆಯ ಮೇಲೆ ಹೇಳಿದೆ. ಹೇಳುವಾಗ ನಂಬಿಯೂ ಇದ್ದೆ.

ಸಂಕ್ರಾಂತಿ ಬಂತು. ಹಿಂದಿನೆರಡು ವರ್ಷವೂ ಎಳ್ಳು ಬೀರಲು ಸೊಸೆ ತಟ್ಟೆ ಹಿಡಿದು ಮನೆಮನೆಗೆ ಹೋಗಿದ್ದಳು. ಈ ಸಲ ಬೇರೆಯವರು ಎಳ್ಳು ತಂದುಕೊಟ್ಟು, ಸೊಸೆ ಇಲ್ವಾ ಎಂದು ಕೇಳಿ, ಉತ್ತರ ಗೊತ್ತಿರುವ ಹಾಗೆ ತಲೆಯಾಡಿಸಿ ಹೋದರು. ಗಿರಿನಗರವೇನು ದೂರವಲ್ಲ. ಶ್ರೀನಿವಾಸನಗರ ದಾಟಿ ನಿಧಾನವಾಗಿ ನಡೆದರೂ ಮುಕ್ಕಾಲು ಗಂಟೆ. ಮಗ ಭಾನುವಾರ ಭಾನುವಾರ ಹೋಗಿ ಬರುತ್ತಿದ್ದ. ನಾನು ಹೋಗಲಿಲ್ಲ.

ಮಗ ಜಗಳವಾಡುವವನಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು. ಅಂಗಡಿಯಿಂದ ಬಂದು ತಟ್ಟೆ ಮುಂದೆ ಕೂತು ಉಂಡು ಏಳುತ್ತಿದ್ದ. ಉಪ್ಪು ಹೆಚ್ಚಾದರೂ ಮಾತಿಲ್ಲ, ಇಲ್ಲದಿದ್ದರೂ ಮಾತಿಲ್ಲ. ಸಂಕ್ರಾಂತಿ ಕಳೆದ ಭಾನುವಾರ ಗಿರಿನಗರದಿಂದ ಬಂದು ಚಪ್ಪಲಿ ಬಿಡುತ್ತಲೇ ಹೇಳಿದ.

"ಅವಳು ಒಂದೇ ಮಾತು ಹೇಳ್ತಾಳೆ ಅಮ್ಮ. ನಂಗೆ ಸಮಾಧಾನ ಹೇಳೋದು ಬೇಡ, ಕರೆಯೋಕೆ ಬರೋದೂ ಬೇಡ. ಯಾವ ಗೋಡೆ ಹತ್ರ ನಿಂತು ಹೇಳಿದ್ರೋ ಅದೇ ಗೋಡೆ ಹತ್ರ ನಿಂತು, ಅದೇ ಆಂಟಿಗೆ, ನಾನು ಹೇಳಿದ್ದು ತಪ್ಪು ಅಂತ ಹೇಳ್ಬೇಕು. ಅಷ್ಟೇ ಅಂತೆ."

ಅತ್ತೆಯಾದವಳು ಬೀದಿ ಮುಂದೆ ತಪ್ಪಾಯಿತು ಅನ್ನಬೇಕಾ ಎಂದು ಕೇಳಿದೆ.

"ನಿನ್ನಿಷ್ಟ. ಶಿವರಾತ್ರಿ ಕಳೆಯೋವರೆಗೂ ಕಾಯ್ತೀನಿ. ಅಂಗಡಿ ಹಿಂದಿನ ಬೀದೀಲಿ ಒಂದು ಮನೆ ಖಾಲಿಯಿದೆ. ಆಮೇಲೆ ನಾವಿಬ್ರೂ ಅಲ್ಲಿಗೆ ಹೋಗ್ತೀವಿ. ನಿನ್ನ ದಿನಾ ಬಂದು ನೋಡ್ಕೊಂಡ್ ಹೋಗ್ತೀನಿ."

ಅವನಿಗೂ ಸಗಣಿಯ ವಿಷಯ ಗೊತ್ತಿರಲಿಲ್ಲ. ಗಿಡ ಸುಟ್ಟದ್ದಕ್ಕೆ ತನ್ನ ಹೆಂಡತಿಯೇ ಕಾರಣವೆಂದು ಅವನೂ ಅರ್ಧ ನಂಬಿದ್ದನೋ ಏನೋ. ಹೇಳು ಎಂದು ನನ್ನ ನಾಲಿಗೆಯೇ ನನಗೆ ಹೇಳಿತು. ನಾನು ಅವನ ಚಪ್ಪಲಿಯನ್ನು ಕಾಲಿನಿಂದ ಗೋಡೆಗೆ ಸರಿಸಿ, ಕೈಕಾಲು ತೊಳ್ಕೋ, ಊಟ ಮಾಡು ಎಂದೆ.

ಆ ಆರು ವಾರ ಮನೆಯಲ್ಲಿ ಸದ್ದೇ ಇರಲಿಲ್ಲ. ಹೊಲಿಗೆ ಮಿಷನ್ನಿನ ಸದ್ದಿಗೆ ನಾನು ಬೈಯುತ್ತಿದ್ದವಳು, ಮಧ್ಯಾಹ್ನ ಮಲಗಲು ಬಿಡುವುದಿಲ್ಲ ಎಂದು. ಈಗ ಮಧ್ಯಾಹ್ನವೆಲ್ಲ ಖಾಲಿ ಇತ್ತು, ನಿದ್ದೆ ಮಾತ್ರ ಬರಲಿಲ್ಲ. ಮಿಷನ್ನಿಗೆ ಅವಳೇ ಹೊಲಿದ ಗೌಸು ಹಾಕಿತ್ತು. ಅದರ ಮೇಲೆ ದೂಳು ಕೂತಿತು. ಒರೆಸಲಿಲ್ಲ. ಹೊರಗೆ ಬಂದರೆ ಹೊಂಗೆ ಮರಗಳು ಎಲೆ ಉದುರಿಸಿ ನಿಂತಿದ್ದವು. ಕಸ ಗುಡಿಸುವವರು ಬೀದಿಯ ತುದಿಯಲ್ಲಿ ತರಗೆಲೆಗೆ ಬೆಂಕಿ ಹಾಕುತ್ತಿದ್ದರು, ಆ ಹೊಗೆ ಮಂಜಿನೊಡನೆ ಸೇರಿ ಮನೆಯೊಳಗೇ ಬಂದು ಕೂರುತ್ತಿತ್ತು. ದಾಸವಾಳದ ಮೊಗ್ಗು ಬಿಚ್ಚುವ ಮೊದಲೇ ಉದುರುತ್ತಿತ್ತು. ದೇವರಿಗೆ ಹೂವಿಲ್ಲ. ಅಂಗಡಿ ಹೂ ತರಲು ಮನಸ್ಸಿಲ್ಲ. ದೇವರು ಹಾಗೇ ಇದ್ದ.

ದಿನಾ ಬೆಳಗ್ಗೆ ಕಾಫಿ ಲೋಟ ಹಿಡಿದು ಮಲ್ಲಿಗೆಯ ಮುಂದೆ ಕೂರುತ್ತಿದ್ದೆ. ಸತ್ತ ಕೊಂಬೆಗಳನ್ನೆಲ್ಲ ಕತ್ತರಿಸಿ ಹಾಕಿದ್ದೆ. ನೆಲದಿಂದ ಗೇಣುದ್ದದ ನಾಲ್ಕು ಮೋಟು ಉಳಿದಿದ್ದವು. ಒಂದು ಚೆಂಬು ನೀರು, ಅದಕ್ಕಿಂತ ಹೆಚ್ಚಿಲ್ಲ. ಪುಷ್ಯ ಮಾಸ ಮುಗಿಯುತ್ತ ಬಂದಿರಬೇಕು, ಗೋಡೆ ಕಡೆಯ ಮೋಟಿನ ಬುಡದಲ್ಲಿ ಅಕ್ಕಿಕಾಳಿನಷ್ಟು ಕೆಂಪಗೆ ಏನೋ ಕಂಡಿತು. ಕನ್ನಡಕ ಹಾಕಿಕೊಂಡು ಬಂದು ನೋಡಿದೆ. ಚಿಗುರು. ಮುಟ್ಟಿದರೆ ಬಿದ್ದೀತೆಂದು ಮುಟ್ಟಲಿಲ್ಲ. ಇರುವೆ ಹತ್ತದ ಹಾಗೆ ಸುತ್ತ ಅರಿಸಿನ ಉದುರಿಸಿದೆ.

ಅದಾದ ಮೇಲೆ ಚಳಿ ತಾನಾಗಿ ಕಡಿಮೆಯಾಯಿತು. ಪಕ್ಕದವರ ಮಾವಿನ ಮರ ಹೂ ಬಿಟ್ಟಿತು, ಅದರ ಪುಡಿ ನಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆಲ್ಲ ಉದುರಿತು. ತರಕಾರಿಗೆಂದು ಜಯನಗರದ ಕಡೆ ಹೋದರೆ ರಸ್ತೆಯ ಎರಡೂ ಬದಿ ಎಲೆಯೇ ಇಲ್ಲದ ಮರಗಳು ಗುಲಾಬಿ ಬಣ್ಣದ ಹೂ ಹೊತ್ತು ನಿಂತಿದ್ದವು. ಜನ ನಿಂತು ನೋಡುತ್ತಿದ್ದರು. ನಾನೂ ನೋಡಿದೆ. ಕೀಳಲಾಗದ, ಕಟ್ಟಲಾಗದ, ವಾಸನೆಯಿಲ್ಲದ ಹೂ. ನಂದಬಟ್ಟಲು ಒಂದೊಂದೇ ಬಿಡತೊಡಗಿತು. ದಾಸವಾಳದ ಮೊಗ್ಗು ಉದುರುವುದು ನಿಂತಿತು. ನನ್ನ ಚಿಗುರು ಮಾತ್ರ ಬೆರಳುದ್ದವಾಗಿ, ಗೇಣುದ್ದವಾಗಿ, ಮೂರು ಕವಲೊಡೆಯಿತು. ಶಿವರಾತ್ರಿಯ ದಿನ ಅದರ ತುದಿಯಲ್ಲಿ ಸಾಸಿವೆಯಷ್ಟು ಮೊಗ್ಗು ಕಂಡವು.

ನನಗೆ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಆದರೆ ಅದು ಒಳ್ಳೆಯ ಸಂತೋಷವಲ್ಲ. ಗಿಡ ಬದುಕಿತಲ್ಲ, ಇನ್ನು ನಾನು ಯಾರ ಮುಂದೆಯೂ ಏನೂ ಹೇಳುವ ಅಗತ್ಯವಿಲ್ಲ ಎಂದುಕೊಂಡೆ. ಹೂ ಬಿಟ್ಟ ಗಿಡ ಸುಟ್ಟ ಗಿಡವಲ್ಲ. ಗಿಡ ಸುಡದಿದ್ದರೆ ಸುಟ್ಟವರೂ ಇಲ್ಲ. ಹೂವೇ ಹೋಗಿ ನನ್ನ ಪರವಾಗಿ ಮಾತಾಡಿಕೊಂಡು ಬರಲಿ ಎಂದು ಲೆಕ್ಕ ಹಾಕಿದೆ.

ಮುಂದಿನ ಭಾನುವಾರಕ್ಕೆ ಹನ್ನೊಂದು ಮೊಗ್ಗು ಬಲಿತಿದ್ದವು. ಹನ್ನೊಂದೂ ಕಿತ್ತೆ. ದೇವರಿಗೆ ಒಂದೂ ಇಡಲಿಲ್ಲ. ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿದರೆ ನಾಲ್ಕು ಬೆರಳಗಲ ಆಯಿತು. ಬಾಳೆ ಎಲೆ ಚೂರಿನಲ್ಲಿ ಸುತ್ತಿ ನೀರು ಚಿಮುಕಿಸಿ ಮಗನ ಕೈಯಲ್ಲಿ ಕೊಟ್ಟೆ. ಈ ವರ್ಷದ ಮೊದಲನೇ ಹೂ, ಅವಳಿಗೇ ಅಂತ ಹೇಳು ಎಂದೆ. ಅವನು ಎಲೆಯನ್ನೂ ನನ್ನನ್ನೂ ನೋಡಿದ. ತಗೊಂಡು ಹೋದ.

ಮೂರು ಗಂಟೆಗೆ ವಾಪಸು ಬಂದ. ಪೊಟ್ಟಣ ಕೈಯಲ್ಲೇ ಇತ್ತು, ಬಿಚ್ಚಿ ಮತ್ತೆ ಕಟ್ಟಿದ ಹಾಗಿತ್ತು. ಒಳಗೆ ಮೊಗ್ಗು ಅರಳಿಕೊಂಡಿದ್ದವು.

"ಹೂ ಕೇಳಿರ್ಲಿಲ್ಲ ಅಂದ್ಳು," ಎಂದ. ಪೊಟ್ಟಣ ನನ್ನ ಕೈಗಿಟ್ಟು, "ಅಡ್ವಾನ್ಸ್ ಕೊಟ್ಟು ಬಂದೆ ಅಮ್ಮ, ಆ ಮನೆಗೆ. ಬರೋ ಭಾನುವಾರ ಅವಳು ಬಟ್ಟೆ, ಮಿಷನ್ನು ತಗೊಳ್ಳೋಕೆ ಬರ್ತಾಳೆ" ಎಂದ.

ಒಂದು ವಾರ ಇತ್ತು ನನಗೆ. ಗೋಡೆ ಅಲ್ಲೇ ಇತ್ತು, ಪಕ್ಕದವರೂ ಅಲ್ಲೇ ಇದ್ದರು, ದಿನಕ್ಕೆ ನಾಲ್ಕು ಸಲ ಕಲ್ಲು ಹತ್ತುತ್ತಿದ್ದರು. ಸೋಮವಾರ ಹೇಳೋಣವೆಂದು ಹೋಗಿ ಮಾವಿನ ಹೂವಿನ ಮಾತಾಡಿ ಬಂದೆ. ಬುಧವಾರ ಹೋಗಿ ನೀರು ಬಾರದ ಮಾತಾಡಿ ಬಂದೆ. ಶನಿವಾರ ಹೋಗಲೇ ಇಲ್ಲ.

ಭಾನುವಾರ ಹನ್ನೊಂದು ಗಂಟೆಗೆ ಇಬ್ಬರೂ ಬಂದರು. ಬೀದಿಯಲ್ಲಿ ಲಗೇಜ್ ಆಟೋ ನಿಲ್ಲಿಸಿಕೊಂಡೇ ಬಂದಿದ್ದರು. ಅವಳು ಸಣ್ಣಗಾಗಿದ್ದಳು. ನನ್ನ ಕಾಲಿಗೆ ನಮಸ್ಕಾರ ಮಾಡಿದಳು, ಅದರಲ್ಲಿ ಕಡಿಮೆ ಮಾಡಲಿಲ್ಲ. ಕಾಫಿ ಬೇಡವೆಂದಳು. ಮಗ ಬಟ್ಟೆ ಕಟ್ಟಲು ಒಳಗೆ ಹೋದ. ಅವಳು ನೇರ ಹಿತ್ತಲಿಗೆ ನಡೆದು ಮಲ್ಲಿಗೆಯ ಹತ್ತಿರ ನಿಂತಳು, ಮುಟ್ಟದೆ. ನಾನೂ ಹಿಂದೆ ಹೋದೆ. ಅಲ್ಲಿ ಅವಳು ನಿಂತಿರುವಾಗ ಇನ್ನು ಸುಮ್ಮನಿರಲು ಆಗಲಿಲ್ಲ. ಗೋಡೆಯಾಚೆಗೆ ಕೂಗಿ ಪಕ್ಕದವರನ್ನು ಕರೆದೆ. ಅವರು ಕಲ್ಲು ಹತ್ತಿದರು.

"ನೋಡ್ರೀ, ಗಿಡ ಸುಟ್ಟಿದ್ದು ಇವಳಿಂದಲ್ಲ. ನಾನೇ ಹಸಿ ಸಗಣಿ, ಒಣ ಹಿಂಡಿ ಹಾಕಿದ್ದೆ. ಬೇರು ಬೆಂದಿತ್ತು. ಆವತ್ತು ತಪ್ಪು ಹೇಳಿದೆ."

ಹೇಳಿಯೇಬಿಟ್ಟೆ. ಇಷ್ಟೇನಾ ಎನ್ನಿಸಿತು. ಪಕ್ಕದವರು ನನ್ನನ್ನೂ ಸೊಸೆಯನ್ನೂ ನೋಡಿ ಹೇಳಿದರು.

"ಅದು ನಂಗೆ ಗೊತ್ತಿತ್ತು ಬಿಡ್ರೀ. ನೀವು ಬಾಂಡ್ಲೀಲಿ ಹೊತ್ಕೊಂಡ್ ಬಂದಿದ್ದೂ ನೋಡಿದ್ದೆ, ಆಮೇಲೆ ಬಗೆದು ತೆಗೆದಿದ್ದೂ ನೋಡಿದ್ದೆ. ಹುಳ ಅಂದ್ರಿ. ನಿಮ್ಮನೆ ವಿಷ್ಯ, ನಾನ್ಯಾಕೆ ಬಾಯಿ ಹಾಕ್ಲಿ ಅಂತ ಸುಮ್ನಿದ್ದೆ."

ಬೀದಿಗೆಲ್ಲ ನನ್ನ ಮಾತನ್ನು ಹಂಚಿ ಬಂದವರು ಅವರೇ. ಅದರಲ್ಲಿ ಗಿಡದ ಮಾತು ಯಾರಿಗೂ ನೆನಪಿರಲಿಲ್ಲ. ಇನ್ನೊಂದು ಮಾತು ಎಲ್ಲರಿಗೂ ನೆನಪಿತ್ತು.

ಸೊಸೆ ನನ್ನ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

"ಅದು ಅರ್ಧ ಆಯ್ತು ಅತ್ತೆ."

ಯಾವ ಅರ್ಧ ಎಂದು ಕೇಳುವಷ್ಟು ದಡ್ಡಿಯಲ್ಲ ನಾನು. ಗೋಡೆಯಾಚೆ ಪಕ್ಕದವರು ಕದಲದೆ ನಿಂತಿದ್ದರು. ಅವಳು ಕಾಯುತ್ತಿದ್ದಳು. ಸಗಣಿಯ ವಿಷಯ ಕೈಕೆಲಸದ ತಪ್ಪು, ಯಾರಾದರೂ ಒಪ್ಪಿಕೊಳ್ಳಬಹುದು. ಆ ಇನ್ನೊಂದನ್ನು ಒಪ್ಪಿಕೊಳ್ಳಬೇಕಾದರೆ ಅದನ್ನು ಬಾಯಿಬಿಟ್ಟು ಮತ್ತೆ ಹೇಳಬೇಕಿತ್ತು, ಅವಳ ಮುಖ ನೋಡಿಕೊಂಡು. ಹೇಳಿದ್ದು ಹೊಟ್ಟೆಕಿಚ್ಚಿಗೂ ಅಲ್ಲ, ದ್ವೇಷಕ್ಕೂ ಅಲ್ಲ, ಮಂಡಿನೋವಿಗೆ, ಸುಟ್ಟ ಗಿಡಕ್ಕೆ, ಸುಮ್ಮನೆ ಬಾಯಿಚಟಕ್ಕೆ ಹೇಳಿದ್ದು ಎನ್ನಬೇಕಿತ್ತು. ಅಷ್ಟು ಕಡಿಮೆ ಕಾರಣಕ್ಕೆ ಅಂಥ ಮಾತು ಆಡಿದೆ ಎಂದು ಯಾರ ಮುಂದೆ ಹೇಳುವುದು?

"ಒಲೆ ಮೇಲೆ ಸಾರಿಟ್ಟಿದ್ದೀನಿ, ಉಕ್ಕುತ್ತೆ" ಎಂದು ಒಳಗೆ ಹೋದೆ.

ಒಲೆಯ ಮೇಲೆ ಏನೂ ಇರಲಿಲ್ಲ. ಅಡುಗೆಮನೆಯಲ್ಲಿ ನಿಂತು ಕಿಟಕಿಯಿಂದ ನೋಡಿದೆ. ಅವಳು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು. ಪಕ್ಕದವರು ಏನೋ ಹೇಳಿದರು, ಅವಳು ತಲೆಯಾಡಿಸಿದಳು. ಆಮೇಲೆ ಒಳಗೆ ಬಂದು ಗಂಡನ ಜೊತೆ ಮಿಷನ್ನಿನ ಒಂದು ಕಡೆ ಹಿಡಿದು ಎತ್ತಿದಳು. ಅದು ಭಾರ, ಹೊಸಿಲು ದಾಟಿಸುವಾಗ ಬಾಗಿಲಿಗೆ ತಾಗಿ ಬಣ್ಣ ಕಿತ್ತುಬಂತು. ನಾನು ಕೈಕೊಡಲು ಹೋದೆ. ಬೇಡ ಅತ್ತೆ, ನಿಮ್ಮ ಮಂಡಿ ಎಂದಳು. ಹೊರಡುವಾಗ ಇನ್ನೊಂದು ಮಾತು ಆಡಿದಳು.

"ಗಿಡ ಚೆನ್ನಾಗಿ ಚಿಗುರಿದೆ. ನೋಡ್ಕೊಳ್ಳಿ."

ಕುಹಕವೇನೂ ಇರಲಿಲ್ಲ ಅದರಲ್ಲಿ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಬಾಡಿಗೆ ಮನೆಗೆ ಹೋದವರು ಅಲ್ಲೇ ಉಳಿದರು. ಆಮೇಲೆ ಅದೇ ಬನಶಂಕರಿಯಲ್ಲಿ ಸ್ವಂತದ್ದೂ ಮಾಡಿಕೊಂಡರು. ಎರಡು ವರ್ಷಕ್ಕೆ ಹೆಣ್ಣುಮಗುವಾಯಿತು, ಅದಾದ ಮೇಲೆ ಗಂಡು. ಬಾಣಂತನ ಗಿರಿನಗರದಲ್ಲೇ. ಹಬ್ಬಕ್ಕೆ ಬರುತ್ತಾರೆ. ಮಗ ಮಾತಿಗೆ ತಪ್ಪದೆ ಬಂದು ನೋಡಿಹೋಗುತ್ತಾನೆ, ಈಗ ಅವನ ಕೂದಲೂ ಬೆಳ್ಳಗಾಗಿದೆ. ಸೊಸೆ ಬಂದರೆ ಅಡುಗೆ ಮಾಡುತ್ತಾಳೆ, ಬಡಿಸುತ್ತಾಳೆ, ನನ್ನ ಮಾತ್ರೆ ಸರಿಯಾಗಿವೆಯೇ ನೋಡುತ್ತಾಳೆ. ಹಿತ್ತಲಿಗೆ ಮಾತ್ರ ಕಾಲಿಡುವುದಿಲ್ಲ. ಪಾತ್ರೆ ತೊಳೆಯುವುದಿದ್ದರೆ ಬಚ್ಚಲಿಗೂ ಹೋಗುವುದಿಲ್ಲ, ಅಡುಗೆಮನೆಯ ಸಿಂಕಿನಲ್ಲೇ ತೊಳೆಯುತ್ತಾಳೆ. ಹೂ ಕಟ್ಟಿ ಕೊಟ್ಟರೆ ತಗೊಂಡು ಮಗಳ ತಲೆಗೆ ಮುಡಿಸುತ್ತಾಳೆ, ತಾನು ಮುಡಿಯುವುದಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಆ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಲ್ಲಿಗೆ ಮೊದಲಿನ ಅರ್ಧದಷ್ಟೂ ಬೆಳೆಯಲಿಲ್ಲ, ಒಂದು ಕಡೆಯಷ್ಟೇ ಹೂ ಬಿಡುತ್ತದೆ.

ಅವರು ಹೋದ ಆ ಭಾನುವಾರದ ಮರುದಿನ ಬೆಳಗ್ಗೆ ನಾನು ಒಂದು ಕೆಲಸ ಮಾಡಿದೆ. ಅದು ಸೊಸೆಯ ಕಿವಿಗೆ ಬಿತ್ತೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಏಳೂವರೆಗೆ ಸೊಪ್ಪಿನ ಗಾಡಿ ನಮ್ಮ ಬೀದಿಗೆ ಬರುತ್ತಿತ್ತು. ಗಾಡಿಯ ಸುತ್ತ ಐದಾರು ಹೆಂಗಸರು ಸೇರಿದ್ದರು, ಪಕ್ಕದ ಮನೆಯವರೂ ಇದ್ದರು. ನಾನು ಸಾಮಾನ್ಯವಾಗಿ ಗೇಟಿನಲ್ಲೇ ನಿಂತು ಕೂಗಿ ತರಿಸಿಕೊಳ್ಳುವವಳು. ಆವತ್ತು ಮೆಟ್ಟಿಲಿಳಿದು ಹೋಗಿ ಗಾಡಿಯ ಅಂಚು ಹಿಡಿದುಕೊಂಡು ನಿಂತೆ.

"ನನ್ನ ಸೊಸೆಗೆ ಹೊಟ್ಟೇಲಿ ನಿಲ್ಲೋಲ್ಲ ಅಂತ ನಾನು ಹೇಳಿದ್ದೆ. ನೀವೆಲ್ಲ ಕೇಳಿದ್ದೀರಿ. 'ಒಂದು ಸಲ ಹೋದ್ರೆ ಏನೂ ಆಗಲ್ಲ, ಹುಡುಗಿ ಚೆನ್ನಾಗಿದ್ದಾಳೆ' ಅಂತ ಡಾಕ್ಟರು ಹೇಳಿದ್ರು. ಅದು ನಂಗೊತ್ತಿತ್ತು. ಗೊತ್ತಿದ್ದೂ ಹೇಳಿದೆ. ಅದು ನನ್ನ ಬಾಯಿ ತಪ್ಪು, ಅವಳದ್ದೇನಿಲ್ಲ."

ಒಬ್ಬಾಕೆ ಕೊತ್ತಂಬರಿ ಕಟ್ಟು ಬಿಚ್ಚಿ ಮತ್ತೆ ಕಟ್ಟಿದಳು. ಸೊಪ್ಪಿನವಳು ನನ್ನ ಮುಖ ನೋಡಿ, ನಿಂಗೇನ್ ಕೊಡ್ಲಿ ಅಮ್ಮಾ ಎಂದಳು. ಒಂದು ಕಟ್ಟು ದಂಟಿನ ಸೊಪ್ಪು ಕೊಡು ಎಂದೆ. ತೆಗೆದುಕೊಂಡು ಒಳಗೆ ಬಂದೆ.